ಚೀಟಿ ಉದ್ದ, ಬೀರು ಖಾಲಿ

ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಬೇಡದ ಔಷಧ ಬರೆದಾಗ ಅದರ ಬೆಲೆ ತೆರುವವನು ಸಾಲಿನಲ್ಲಿ ಹಿಂದೆ ನಿಂತ ಇನ್ನೊಬ್ಬ ರೋಗಿ. ಲೆಕ್ಕಪತ್ರದಲ್ಲಿ ಕಾಣದ ಈ ಬೆಲೆ ಎಷ್ಟು?

ಸೋಮವಾರ ಬೆಳಗಿನ ಹತ್ತು ಗಂಟೆ. ಯಾವ ತಾಲ್ಲೂಕು ಆಸ್ಪತ್ರೆಗೆ ಹೋದರೂ ದೃಶ್ಯ ಹೆಚ್ಚುಕಡಿಮೆ ಒಂದೇ. ಚೀಟಿ ಮಾಡಿಸುವ ಕಿಟಕಿಯ ಮುಂದೆ ಒಂದು ಸಾಲು, ವೈದ್ಯರ ಕೋಣೆಯ ಮುಂದೆ ಇನ್ನೊಂದು ಸಾಲು, ಔಷಧ ಕೊಡುವ ಕಿಟಕಿಯ ಮುಂದೆ ಮೂರನೆಯದು. ಸೊಂಟದ ಮೇಲೆ ಮಗುವನ್ನು ಹೊತ್ತ ತಾಯಿಯೊಬ್ಬಳು ವೈದ್ಯರ ಕೋಣೆಯಿಂದ ಹೊರಬರುತ್ತಾಳೆ. ಮಗುವಿಗೆ ಎರಡು ದಿನದಿಂದ ನೆಗಡಿ, ಸ್ವಲ್ಪ ಮೈ ಬಿಸಿ. ಅವಳ ಕೈಯಲ್ಲಿರುವ ಚೀಟಿಯಲ್ಲಿ ಒಂದು ಆ್ಯಂಟಿಬಯಾಟಿಕ್, ಒಂದು ಕೆಮ್ಮಿನ ಸಿರಪ್, ಒಂದು ಜ್ವರದ ಔಷಧ, ಒಂದು ವಿಟಮಿನ್ ಸಿರಪ್. "ಒಂದು ಸೂಜಿ ಹಾಕಿಬಿಡಿ ಸಾರ್, ಬೇಗ ಗುಣ ಆಗ್ಲಿ" ಎಂದು ಅವಳೇ ಕೇಳಿದ್ದರಿಂದ ಚೀಟಿಯ ಕೊನೆಯಲ್ಲಿ ಒಂದು ಚುಚ್ಚುಮದ್ದೂ ಸೇರಿದೆ.

ಅವಳ ಹಿಂದೆಯೇ ಔಷಧದ ಕಿಟಕಿಗೆ ಬಂದ ಮುದುಕನ ಚೀಟಿಯಲ್ಲಿರುವುದು ಎರಡೇ ಸಾಲು. ರಕ್ತದೊತ್ತಡಕ್ಕೊಂದು ಮಾತ್ರೆ, ಸಕ್ಕರೆ ಕಾಯಿಲೆಗೊಂದು ಮಾತ್ರೆ.

"ತಾತ, ಬಿ.ಪಿ. ಮಾತ್ರೆ ಸ್ಟಾಕ್ ಇಲ್ಲ. ಮುಂದಿನ ವಾರ ಬನ್ನಿ, ಇಲ್ಲಾಂದ್ರೆ ಹೊರಗೆ ತಗೊಳ್ಳಿ."

"ಹೋದ ವಾರಾನೂ ಹಂಗೇ ಅಂದ್ರಲ್ಲ ಸಾರ್."

ಮುದುಕ ಚೀಟಿಯನ್ನು ಮಡಚಿ ಜೇಬಿಗಿಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಾನೆ. ತಾಯಿಗೆ ಸಂತೃಪ್ತಿ, ಚೀಲ ತುಂಬ ಔಷಧ ಸಿಕ್ಕಿದೆ. ಮುದುಕನಿಗೆ ಬೇಸರ, ಬೇಕಾದದ್ದು ಸಿಗಲಿಲ್ಲ. ಅವಳ ಕೈಯಲ್ಲಿದ್ದ ಉದ್ದದ ಚೀಟಿಗೂ ಮುದುಕನ ಪಾಲಿಗೆ ಬರಿದಾದ ಬೀರುವಿಗೂ ಇರುವ ನಂಟು ಇಬ್ಬರಿಗೂ ತಿಳಿಯದು. ಕಿಟಕಿಯ ಒಳಗೆ ಕುಳಿತವರೂ ಅದನ್ನು ಯೋಚಿಸುವುದು ಅಪರೂಪ.

ಯಾವುದು ಸರಿ, ಯಾವುದು ತಪ್ಪು?

ಔಷಧವನ್ನು ವಿವೇಚನೆಯಿಂದ ಬಳಸುವುದೆಂದರೇನು ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಕೀನ್ಯಾ ದೇಶದ ನೈರೋಬಿಯಲ್ಲಿ ನಡೆಸಿದ ತಜ್ಞರ ಸಮ್ಮೇಳನ ಸರಳವಾಗಿ ನಿರೂಪಿಸಿತು. ರೋಗಿಗೆ ಅವನ ಕಾಯಿಲೆಗೆ ತಕ್ಕ ಔಷಧ, ಅವನ ದೇಹಕ್ಕೆ ತಕ್ಕ ಪ್ರಮಾಣದಲ್ಲಿ, ಬೇಕಾದಷ್ಟು ದಿನ, ಅವನಿಗೂ ಸಮಾಜಕ್ಕೂ ಆದಷ್ಟು ಕಡಿಮೆ ವೆಚ್ಚದಲ್ಲಿ ದೊರೆಯಬೇಕು. ಈ ನಾಲ್ಕರಲ್ಲಿ ಯಾವುದು ತಪ್ಪಿದರೂ ಚೀಟಿ ತಪ್ಪಿದಂತೆ.

ತಪ್ಪುವ ಬಗೆ ಹಲವು. ಬೇಡದ ಔಷಧ ಬರೆಯುವುದು ಒಂದು. ಔಷಧ ಬೇಕಾಗಿದ್ದರೂ ಬೇರೊಂದನ್ನು ಬರೆಯುವುದು ಇನ್ನೊಂದು. ಮಾತ್ರೆಯಿಂದಲೇ ಗುಣವಾಗುವಲ್ಲಿ ಚುಚ್ಚುವುದು, ಅಗ್ಗದ ಔಷಧ ಸಾಕಾಗುವಲ್ಲಿ ದುಬಾರಿಯದನ್ನು ಬರೆಯುವುದು, ಒಂದರ ಕೆಲಸಕ್ಕೆ ನಾಲ್ಕು ಕೊಡುವುದು, ಇವೂ ತಪ್ಪೇ. ಅಷ್ಟೇ ದೊಡ್ಡ ತಪ್ಪು ಇನ್ನೊಂದಿದೆ: ಬೇಕಾದದ್ದನ್ನೇ ಬರೆಯದಿರುವುದು. ಭೇದಿಯಾದ ಮಗುವಿಗೆ ಮೂರು ಔಷಧ ಬರೆದು, ಜೀವ ಉಳಿಸುವ ಉಪ್ಪು-ಸಕ್ಕರೆಯ ಪುಡಿಯನ್ನು ಮರೆಯುವುದು ಇದಕ್ಕೆ ನಿದರ್ಶನ.

ಜಗತ್ತಿನಲ್ಲಿ ಬರೆಯುವ, ಕೊಡುವ, ಮಾರುವ ಔಷಧಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸೂಕ್ತವಲ್ಲದ ರೀತಿಯಲ್ಲಿ ಬಳಕೆಯಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇದು ಹಳ್ಳಿಯ ಅರೆವೈದ್ಯರ ಮಾತು ಮಾತ್ರವಲ್ಲ.

ದೊಡ್ಡಾಸ್ಪತ್ರೆಗಳಲ್ಲೂ ಇದೇ ಕಥೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2019ರ ಆಗಸ್ಟಿನಿಂದ 2020ರ ಆಗಸ್ಟಿನವರೆಗೆ ದೇಶದ ನಾನಾ ಕಡೆಯ 13 ದೊಡ್ಡ ಆಸ್ಪತ್ರೆಗಳ ಹೊರರೋಗಿ ಚೀಟಿಗಳನ್ನು ಕಲೆಹಾಕಿ ಪರಿಶೀಲಿಸಿತು. ಇವು ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಆಸ್ಪತ್ರೆಗಳು. ಚೀಟಿ ಬರೆದವರು ಸ್ನಾತಕೋತ್ತರ ಪದವಿ ಪಡೆದ, ವರ್ಷಗಟ್ಟಲೆ ಅನುಭವವಿದ್ದ ವೈದ್ಯರು. ಪರಿಶೀಲಿಸಿದ 4,838 ಚೀಟಿಗಳಲ್ಲಿ 2,171, ಅಂದರೆ ನೂರಕ್ಕೆ ಸುಮಾರು 45, ಚಿಕಿತ್ಸೆಯ ಸಿದ್ಧ ಮಾರ್ಗಸೂಚಿಗಳಿಂದ ಒಂದಲ್ಲ ಒಂದು ರೀತಿ ಸರಿದಿದ್ದವು. ಸಣ್ಣಪುಟ್ಟ ವ್ಯತ್ಯಾಸಗಳನ್ನು ಬದಿಗಿಟ್ಟರೂ 475 ಚೀಟಿಗಳು ಒಪ್ಪಲಾಗದಷ್ಟು ತಪ್ಪಾಗಿದ್ದವು. ಹೀಗೆ ಅನಗತ್ಯವಾಗಿ ಬರೆದ ಔಷಧಗಳ ಪಟ್ಟಿಯಲ್ಲಿ ಮೊದಲಿಗೆ ಕಾಣಿಸಿಕೊಂಡದ್ದು ಜನ 'ಗ್ಯಾಸ್ಟ್ರಿಕ್ ಮಾತ್ರೆ' ಎನ್ನುವ ಪ್ಯಾಂಟೊಪ್ರಜೋಲ್.

ಒಳರೋಗಿಗಳ ಸ್ಥಿತಿ ಇನ್ನೂ ಕಳವಳಕಾರಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ 2021-22ರಲ್ಲಿ 20 ದೊಡ್ಡ ಆಸ್ಪತ್ರೆಗಳ 9,652 ಒಳರೋಗಿಗಳ ಸಮೀಕ್ಷೆ ನಡೆಸಿತು. ಅವರಲ್ಲಿ ನೂರಕ್ಕೆ 72 ಮಂದಿಗೆ ಆ್ಯಂಟಿಬಯಾಟಿಕ್ ನಡೆಯುತ್ತಿತ್ತು. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಸಲ ಅದನ್ನು ಕೊಟ್ಟದ್ದು ಸೋಂಕು ತಗುಲಿದೆಯೆಂದಲ್ಲ, ತಗುಲದಿರಲಿ ಎಂದು. ಚಿಕಿತ್ಸೆಗೆಂದೇ ಕೊಟ್ಟ ಕಡೆಗಳಲ್ಲಿ ಇಂಥದೇ ಬ್ಯಾಕ್ಟೀರಿಯಾ ಎಂದು ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಂಡು ಕೊಟ್ಟದ್ದು ನೂರಕ್ಕೆ ಆರು ಸಲ ಮಾತ್ರ. ಉಳಿದದ್ದೆಲ್ಲ ಅಂದಾಜಿನ ಮದ್ದು.

ಅನುಭವಿ ವೈದ್ಯರ ಅಂದಾಜು ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಮರಣಾಸನ್ನ ರೋಗಿಯ ಮುಂದೆ ಪ್ರಯೋಗಾಲಯದ ವರದಿಗಾಗಿ ಎರಡು ದಿನ ಕಾಯಲಾಗದು ಎಂಬುದೂ ನಿಜ. ಆದರೆ ವರದಿ ಬಂದ ಮೇಲಾದರೂ ಔಷಧವನ್ನು ಬದಲಿಸುವ, ಬೇಡವಾದರೆ ನಿಲ್ಲಿಸುವ ಅಭ್ಯಾಸ ಬೆಳೆಯಬೇಕಲ್ಲವೇ?

ಚೀಟಿಯ ಚಿರಪರಿಚಿತರು

ಅನಗತ್ಯವಾಗಿ ಚೀಟಿಗೆ ಸೇರುವ ಔಷಧಗಳಲ್ಲಿ ಕೆಲವು ಎಲ್ಲರಿಗೂ ಪರಿಚಿತ. ಒಂದೊಂದನ್ನೂ ಸ್ವಲ್ಪ ವಿಜ್ಞಾನದ ಬೆಳಕಿನಲ್ಲಿ ನೋಡುವುದು ಒಳ್ಳೆಯದು.

ಮೊದಲನೆಯದು ನೆಗಡಿಗೆ ಆ್ಯಂಟಿಬಯಾಟಿಕ್. ಸಾಮಾನ್ಯ ನೆಗಡಿ ವೈರಸ್ಸಿನಿಂದ ಬರುವಂಥದು. ಪೆನಿಸಿಲಿನ್ ಜಾತಿಯ ಔಷಧಗಳು ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟಿಕೊಳ್ಳದಂತೆ ತಡೆದು ಅದನ್ನು ಕೊಲ್ಲುತ್ತವೆ. ವೈರಸ್ಸಿಗೆ ಕೋಶಭಿತ್ತಿಯೇ ಇಲ್ಲ. ಗೋಡೆಯೇ ಇಲ್ಲದ ಮನೆಗೆ ಕನ್ನ ಕೊರೆಯುವುದೆಲ್ಲಿಂದ? ನೆಗಡಿ ತನ್ನ ಪಾಡಿಗೆ ಒಂದು ವಾರದಲ್ಲಿ ಇಳಿಯುತ್ತದೆ. ಮೂರನೆಯ ದಿನ ಮಾತ್ರೆ ಶುರು ಮಾಡಿದವರಿಗೆ ಏಳನೆಯ ದಿನ ಗುಣವಾದಾಗ ಕೀರ್ತಿ ಮಾತ್ರೆಗೆ ಸಲ್ಲುತ್ತದೆ.

ಎರಡನೆಯದು ಗ್ಲೂಕೋಸ್. 'ಸುಸ್ತು, ಒಂದು ಬಾಟ್ಲಿ ಹಾಕ್ಸಿ' ಎಂಬ ಬೇಡಿಕೆ ಕೇಳದ ಆಸ್ಪತ್ರೆಯಿಲ್ಲ. ಶೇಕಡಾ ಐದರ ಗ್ಲೂಕೋಸ್ ಎಂದರೆ ನೂರು ಮಿಲಿಲೀಟರಿನಲ್ಲಿ ಐದು ಗ್ರಾಂ. ಅರ್ಧ ಲೀಟರಿನ ಬಾಟಲಿಯಲ್ಲಿ ಇರುವುದು 25 ಗ್ರಾಂ, ಅಂದರೆ ಐದಾರು ಚಮಚ ಸಕ್ಕರೆಯ ತೂಕ. ಅದರಿಂದ ದೊರೆಯುವ ಶಕ್ತಿ ನೂರು ಕ್ಯಾಲರಿಯನ್ನೂ ಮೀರದು. ಒಂದು ಬಾಳೆಹಣ್ಣು ತಿಂದರೆ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಬರುತ್ತದೆ. ಬಾಯಲ್ಲಿ ನೀರು ಕುಡಿಯಲಾಗದವರಿಗೆ, ಶಸ್ತ್ರಚಿಕಿತ್ಸೆಯಾದವರಿಗೆ, ವಿಪರೀತ ನಿರ್ಜಲೀಕರಣವಾದವರಿಗೆ ನಾಳದ ಮೂಲಕ ದ್ರವ ಕೊಡುವುದು ಜೀವದಾನ. ಎದ್ದು ಓಡಾಡಿ ಊಟ ಮಾಡುವವರಿಗೆ ಅದು ಬರಿಯ ಸಮಾಧಾನ. ಆ ಸಮಾಧಾನಕ್ಕಾಗಿ ಒಂದು ಬಾಟಲಿ, ಒಂದು ಸೂಜಿ, ಒಂದು ಕೊಳವೆ, ಮೂರು ನಾಲ್ಕು ಗಂಟೆ ಒಂದು ಹಾಸಿಗೆ ಮತ್ತು ದಾದಿಯ ಸಮಯ ವ್ಯಯವಾಗುತ್ತದೆ.

ಮೂರನೆಯದು ಬಿ ಕಾಂಪ್ಲೆಕ್ಸ್. ಕೊರತೆ ಇದ್ದವರಿಗೆ ಇದು ಬೇಕು, ಸಂಶಯವಿಲ್ಲ. ಕೊರತೆ ಇಲ್ಲದವರಿಗೆ ಕೊಟ್ಟರೆ? ಈ ಗುಂಪಿನ ವಿಟಮಿನ್‌ಗಳು ನೀರಿನಲ್ಲಿ ಕರಗುವಂಥವು. ಅವುಗಳಲ್ಲಿ ಬಹುಪಾಲನ್ನು ದೇಹ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಮಾತ್ರೆ ನುಂಗಿದ ದಿನ ಮೂತ್ರ ಗಾಢ ಹಳದಿಯಾಗುವುದು ಹೀಗೆ ಹೊರಹೋಗುವ ರೈಬೋಫ್ಲೇವಿನ್‌ನಿಂದ. ಖಜಾನೆಯ ಹಣ ಬಚ್ಚಲಿಗೆ ಹೋಗುವುದನ್ನು ಕಣ್ಣಾರೆ ನೋಡಬೇಕೆಂದರೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ನಾಲ್ಕನೆಯದು ಮೇಲೆ ಹೇಳಿದ ಗ್ಯಾಸ್ಟ್ರಿಕ್ ಮಾತ್ರೆ. ಜಠರದ ಹುಣ್ಣಿಗೆ ಇದು ಉತ್ತಮ ಔಷಧ. ಆದರೆ ಬೇರೆ ಮಾತ್ರೆಗಳು 'ಹೊಟ್ಟೆ ಉರಿ ತರಬಾರದು' ಎಂದು ಪ್ರತಿ ಚೀಟಿಗೂ ಇದನ್ನು ಜೋಡಿಸುವ ರೂಢಿ ಬೆಳೆದಿದೆ. ಎಲ್ಲ ಮಾತ್ರೆಗಳೂ ಹೊಟ್ಟೆ ಉರಿ ತರುವುದಿಲ್ಲ. ವರ್ಷಗಟ್ಟಲೆ ನುಂಗಿದರೆ ಬಿ 12 ವಿಟಮಿನ್ ಮತ್ತು ಮೆಗ್ನೀಸಿಯಂ ಕಡಿಮೆಯಾಗುವ, ಮೂಳೆ ಮುರಿಯುವ ಸಂಭವ ಹೆಚ್ಚುವ ಅಪಾಯವೂ ಉಂಟು.

ಹಿತ್ತಲ ಗಿಡ ಮದ್ದಲ್ಲ

ಭೇದಿಯ ವಿಷಯದಲ್ಲಿ ಈ ಗಾದೆಗೆ ಒಂದು ಇತಿಹಾಸವೇ ಇದೆ. 1971ರ ಬಾಂಗ್ಲಾ ವಿಮೋಚನಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ನಾಳಕ್ಕೆ ಏರಿಸುವ ದ್ರವ ಮುಗಿಯುತ್ತ ಬಂದಿತ್ತು. ಆಗ ಡಾ. ದಿಲೀಪ್ ಮಹಲನೊಬಿಸ್ ಉಪ್ಪು, ಅಡುಗೆ ಸೋಡ, ಗ್ಲೂಕೋಸ್ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ ನಾಲ್ಕಕ್ಕಿಂತ ಕೆಳಗಿಳಿಯಿತು. ಕರುಳು ಉಪ್ಪನ್ನು ಹೀರಿಕೊಳ್ಳಲು ಗ್ಲೂಕೋಸ್ ನೆರವಾಗುತ್ತದೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಈ ಸಣ್ಣ ಸತ್ಯ ಕೋಟ್ಯಂತರ ಮಕ್ಕಳನ್ನು ಬದುಕಿಸಿತು. ಮಹಲನೊಬಿಸ್ 2022ರಲ್ಲಿ ತೀರಿಕೊಂಡ ಮೇಲೆ, 2023ರಲ್ಲಿ ಅವರಿಗೆ ಪದ್ಮವಿಭೂಷಣ ಘೋಷಣೆಯಾಯಿತು.

ನೀರು ನೀರಾದ ಸಾಮಾನ್ಯ ಭೇದಿಗೆ ಇಂದಿಗೂ ಮಕ್ಕಳಿಗೆ ಬೇಕಾದದ್ದು ಓ.ಆರ್.ಎಸ್. ಪುಡಿ, ಸತುವಿನ ಮಾತ್ರೆ ಮತ್ತು ಎಂದಿನ ಊಟ, ಎದೆಹಾಲು. ರಕ್ತ ಬೀಳುವ ಭೇದಿಯಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ ಆ್ಯಂಟಿಬಯಾಟಿಕ್ ಅಗತ್ಯವಿಲ್ಲ. ಆದರೂ ಅಗ್ಗದ ಪುಡಿಯ ಪೊಟ್ಟಣ ಕೊಟ್ಟ ವೈದ್ಯರಿಗಿಂತ ಬಣ್ಣದ ಸಿರಪ್ ಕೊಟ್ಟ ವೈದ್ಯರೇ ಜನರ ಕಣ್ಣಿಗೆ ದೊಡ್ಡವರು.

ಒಂದು ಊಹೆಯ ಲೆಕ್ಕ

ಈಗ ಔಷಧದ ಕಿಟಕಿಯ ಬಳಿಗೆ ಮರಳಿ ಒಂದು ಲೆಕ್ಕ ಹಾಕಬಹುದು. ಇದು ಯಾವುದೇ ಆಸ್ಪತ್ರೆಯ ಲೆಕ್ಕವಲ್ಲ, ತಿಳಿಯಲೆಂದು ಮಾಡಿಕೊಂಡ ಊಹೆ. ಒಂದು ಆಸ್ಪತ್ರೆಗೆ ದಿನಕ್ಕೆ 200 ಹೊರರೋಗಿಗಳು, ವರ್ಷದಲ್ಲಿ 300 ಕೆಲಸದ ದಿನ ಎಂದಿಟ್ಟುಕೊಂಡರೆ ಚೀಟಿಗಳು 60,000. ಅವುಗಳಲ್ಲಿ ಅರ್ಧದಷ್ಟರಲ್ಲಿ ಬೇಡದ ಔಷಧ ಒಂದೇ ಒಂದು, ದಿನಕ್ಕೆ ಮೂರರಂತೆ ಐದು ದಿನ. ಮಾತ್ರೆಗೆ ಒಂದೇ ರೂಪಾಯಿ ಎಂದರೂ ಚೀಟಿಯೊಂದಕ್ಕೆ 15 ರೂಪಾಯಿ. 30,000 ಚೀಟಿಗೆ ನಾಲ್ಕೂವರೆ ಲಕ್ಷ ರೂಪಾಯಿ.

ಅದೇ ಒಂದು ರೂಪಾಯಿ ಬೆಲೆಯ ರಕ್ತದೊತ್ತಡದ ಮಾತ್ರೆಯನ್ನು ದಿನಕ್ಕೊಂದರಂತೆ ಕೊಟ್ಟರೆ ಒಬ್ಬ ರೋಗಿಗೆ ವರ್ಷಕ್ಕೆ 365 ರೂಪಾಯಿ. ನಾಲ್ಕೂವರೆ ಲಕ್ಷ ರೂಪಾಯಿಯಲ್ಲಿ 1,200ಕ್ಕೂ ಹೆಚ್ಚು ರೋಗಿಗಳಿಗೆ ಇಡೀ ವರ್ಷ ಒಂದು ದಿನವೂ ತಪ್ಪದಂತೆ ಮಾತ್ರೆ ಕೊಡಬಹುದು.

ಖಾಸಗಿ ಆಸ್ಪತ್ರೆಯಲ್ಲಿ ಬೇಡದ ಔಷಧ ಬರೆದರೆ ರೋಗಿಯ ಜೇಬಿಗೆ ಕತ್ತರಿ ಬೀಳುತ್ತದೆ, ಅವನಿಗೆ ಅದು ಗೊತ್ತಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧದ ಹಣ ವರ್ಷಕ್ಕೆ ಇಂತಿಷ್ಟು ಎಂದು ಮೊದಲೇ ಗೊತ್ತುಮಾಡಿದ್ದು. ಅಲ್ಲಿ ಬೇಡದವರಿಗೆ ಹೋದ ಮಾತ್ರೆ ಬೇಕಾದವರ ಪಾಲಿನಿಂದಲೇ ಹೋಗಬೇಕು. ಔಷಧ ಸಿಗದ ಬಡವ ಹೊರಗಿನ ಅಂಗಡಿಗೆ ಹೋಗುತ್ತಾನೆ, ಇಲ್ಲವೇ ಮಾತ್ರೆ ಬಿಡುತ್ತಾನೆ. ಬಿಟ್ಟವನಿಗೆ ಪಾರ್ಶ್ವವಾಯು ಹೊಡೆದು ಅದೇ ಆಸ್ಪತ್ರೆಗೆ ಹೊತ್ತು ತಂದಾಗ ಖರ್ಚು ದಿನಕ್ಕೊಂದು ರೂಪಾಯಿ ಆಗಿರುವುದಿಲ್ಲ. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇಕಡಾ 39ರಷ್ಟನ್ನು ಜನ ತಮ್ಮ ಕೈಯಿಂದಲೇ ಭರಿಸಿದ್ದರು. 2013-14ರಲ್ಲಿ ಶೇಕಡಾ 64ರಷ್ಟಿದ್ದುದು ಇಳಿದಿದೆ ಎಂಬುದು ಸಮಾಧಾನದ ಸಂಗತಿಯಾದರೂ, ಬಡವನ ಮನೆಗೆ ಅದು ಇಂದಿಗೂ ಸಣ್ಣ ಹೊರೆಯಲ್ಲ.

ಲೆಕ್ಕಕ್ಕೆ ಸಿಗದ ಬೆಲೆ

ಹಣದ ಲೆಕ್ಕ ಹೀಗಾದರೆ ಹಣದಲ್ಲಿ ಅಳೆಯಲಾಗದ ಬೆಲೆ ಇನ್ನೂ ಇದೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ಡಿಸೆಂಬರಿನಲ್ಲಿ ತಮ್ಮ ನೊಬೆಲ್ ಉಪನ್ಯಾಸದಲ್ಲೇ ಎಚ್ಚರಿಸಿದ್ದರು: ಪೆನಿಸಿಲಿನ್ನನ್ನು ಸಾಲದಷ್ಟು ಪ್ರಮಾಣದಲ್ಲಿ ಕೊಟ್ಟರೆ ಸೂಕ್ಷ್ಮಜೀವಿಗಳು ಸಾಯುವ ಬದಲು ಅದಕ್ಕೆ ಒಗ್ಗಿಕೊಂಡುಬಿಡುತ್ತವೆ ಎಂದು.

ಹೇಗೆ ಒಗ್ಗಿಕೊಳ್ಳುತ್ತವೆ? ಅನುಕೂಲ ಪರಿಸರದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಹತ್ತು ಗಂಟೆಯಲ್ಲಿ ಮೂವತ್ತು ತಲೆಮಾರು ಕಳೆದರೆ ಒಂದರಿಂದ ನೂರು ಕೋಟಿಗೂ ಹೆಚ್ಚು. ಇಷ್ಟು ದೊಡ್ಡ ಸಂತತಿಯಲ್ಲಿ ಔಷಧವನ್ನು ತಾಳಿಕೊಳ್ಳುವ ಗುಣವುಳ್ಳ ಒಂದೆರಡು ಹುಟ್ಟುವುದು ಆಶ್ಚರ್ಯವಲ್ಲ. ಔಷಧ ಉಳಿದವನ್ನೆಲ್ಲ ಕೊಂದು ಆ ಒಂದೆರಡಕ್ಕೆ ಹೊಲ ಹಸನು ಮಾಡಿಕೊಡುತ್ತದೆ. ಕಳೆಗೆ ಪೈಪೋಟಿಯೇ ಇಲ್ಲದಂತಾಗುತ್ತದೆ. ನೆಗಡಿಗೆ ನುಂಗಿದ ಮಾತ್ರೆ ನೆಗಡಿಯ ವೈರಸ್ಸಿಗೆ ಏನನ್ನೂ ಮಾಡದೆ, ಕರುಳಿನಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳ ನಡುವೆ ಈ ಕೆಲಸ ಮಾಡಿ ಹೋಗುತ್ತದೆ.

ಪರಿಣಾಮ ಸಣ್ಣದಲ್ಲ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ 2022ರಲ್ಲಿ ಪ್ರಕಟವಾದ ಅಂದಾಜಿನಂತೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಾದ್ಯಂತ 12.7 ಲಕ್ಷ ಜನ ಸತ್ತರು. ಅಗ್ಗದ ಆ್ಯಂಟಿಬಯಾಟಿಕ್ ಸೋತಾಗ ಅದರ ಹತ್ತಾರು ಪಟ್ಟು ಬೆಲೆಯದನ್ನು ತರಬೇಕು, ರೋಗಿ ಹೆಚ್ಚು ದಿನ ಹಾಸಿಗೆಯಲ್ಲಿರಬೇಕು. ಹೆರಿಗೆ, ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಚಿಕಿತ್ಸೆ ಎಲ್ಲವೂ ಈ ಔಷಧಗಳ ರಕ್ಷಣೆಯಲ್ಲೇ ನಡೆಯುವಂಥವು. ಆ ರಕ್ಷಣೆ ಸಡಿಲವಾದರೆ ಸರಳ ಶಸ್ತ್ರಚಿಕಿತ್ಸೆಯೂ ಗಂಡಾಂತರವೇ.

ಕ್ಷಯದ ವಿಷಯ ನಮ್ಮ ದೇಶಕ್ಕೆ ಇನ್ನಷ್ಟು ಹತ್ತಿರದ್ದು. ಎರಡು ವಾರಕ್ಕೂ ಮೀರಿದ ಕೆಮ್ಮಿನೊಂದಿಗೆ ಬಂದವರಿಗೆ ಕಫ ಪರೀಕ್ಷೆ ಮಾಡಿಸದೆ ಲೆವೊಫ್ಲಾಕ್ಸಾಸಿನ್ ಜಾತಿಯ ಮಾತ್ರೆ ಕೊಟ್ಟರೆ ಕ್ಷಯದ ರೋಗಾಣು ಅರ್ಧಂಬರ್ಧ ತಗ್ಗುತ್ತದೆ. ಕೆಮ್ಮು ಕಡಿಮೆಯಾದಂತೆ ಕಂಡು ರೋಗದ ಪತ್ತೆ ತಡವಾಗುತ್ತದೆ. ಆ ವೇಳೆಗೆ ಮನೆಯವರಿಗೂ ಸೋಂಕು ಹರಡಿರಬಹುದು.

ಚುಚ್ಚುಮದ್ದಿನ ಅಪಾಯ ಬೇರೆ. 2002-04ರಲ್ಲಿ ನಡೆದ ರಾಷ್ಟ್ರೀಯ ಅಧ್ಯಯನವೊಂದು ದೇಶದಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಚುಚ್ಚುಮದ್ದು ನೀಡಲಾಗುತ್ತಿದೆ, ಅದರಲ್ಲಿ ಸುಮಾರು ಮೂರರಲ್ಲೆರಡು ಪಾಲು ಸುರಕ್ಷಿತವಲ್ಲ ಎಂದು ಕಂಡುಕೊಂಡಿತ್ತು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಪ್ರಾಣ ಬಿಟ್ಟರು. ಒಮ್ಮೆ ಬಳಸಿದ ಮೇಲೆ ತಾನೇ ಕೆಡುವ ಸಿರಿಂಜುಗಳು ಈಗ ಬಂದಿವೆ. ಆದರೂ ಎಲ್ಲಕ್ಕಿಂತ ಸುರಕ್ಷಿತವಾದ ಸೂಜಿ ಎಂದರೆ ಚುಚ್ಚದೆ ಬಿಟ್ಟ ಅನಗತ್ಯ ಸೂಜಿಯೇ.

ಇನ್ನೊಂದು ಬೆಲೆ, ಮದ್ದಿಗೊಂದು ಮದ್ದು. ಮಂಡಿನೋವಿಗೆ ದಿನವೂ ನೋವಿನ ಮಾತ್ರೆ ನುಂಗಿದ ಮುದುಕಿಗೆ ರಕ್ತದೊತ್ತಡ ಏರುತ್ತದೆ. ಅದಕ್ಕೆಂದು ಕೊಟ್ಟ ಆಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಊತಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಸೇರುತ್ತದೆ. ಅದರಿಂದ ಸುಸ್ತು, ಸುಸ್ತಿಗೆ ಟಾನಿಕ್! ಮೊದಲ ಮಾತ್ರೆಯನ್ನು ನಿಲ್ಲಿಸಬಹುದೇ ಎಂದು ಯಾರಾದರೂ ಕೇಳಿದ್ದರೆ ಉಳಿದ ಮೂರರ ಅಗತ್ಯವೇ ಬೀಳುತ್ತಿರಲಿಲ್ಲವೇನೋ.

ಎರಡು ನಿಮಿಷದ ವೈದ್ಯ

ತಪ್ಪನ್ನೆಲ್ಲ ವೈದ್ಯರ ತಲೆಗೆ ಕಟ್ಟುವುದು ಸುಲಭ, ಆದರೆ ನ್ಯಾಯವಲ್ಲ. 67 ದೇಶಗಳ ಮಾಹಿತಿಯನ್ನು ಕಲೆಹಾಕಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಪ್ರಾಥಮಿಕ ಚಿಕಿತ್ಸೆಯಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ ಇಪ್ಪತ್ತೆರಡೂವರೆ ನಿಮಿಷ, ಭಾರತದಲ್ಲಿ ಸುಮಾರು ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಹೆಸರು ಕೇಳಿ, ಕಾಯಿಲೆ ಕೇಳಿ, ಎದೆಗೆ ಸ್ಟೆತಾಸ್ಕೋಪ್ ಇಟ್ಟು, 'ಇದಕ್ಕೆ ಔಷಧ ಬೇಡಮ್ಮ, ತಾನಾಗಿ ವಾಸಿಯಾಗುತ್ತದೆ' ಎಂದು ಒಪ್ಪಿಸುವುದು ಹೇಗೆ? ನಾಲ್ಕು ಔಷಧ ಬರೆಯಲು ಅರ್ಧ ನಿಮಿಷ ಸಾಕು. ಔಷಧ ಬೇಡವೆಂದು ತಿಳಿಹೇಳಲು ಹತ್ತು ನಿಮಿಷ ಬೇಕು.

ಪರೀಕ್ಷೆ ಮಾಡಿಸೋಣವೆಂದರೆ ಪ್ರಯೋಗಾಲಯದಲ್ಲಿ ಸಿಬ್ಬಂದಿ ಇಲ್ಲ, ಇಲ್ಲವೇ ರಾಸಾಯನಿಕ ಮುಗಿದಿದೆ. ರೋಗಿ ಮೂವತ್ತು ಕಿಲೋಮೀಟರ್ ದೂರದಿಂದ ಬಂದಿದ್ದಾನೆ, ನಾಳೆ ಬಾ ಎಂದರೆ ಬರಲಾರ. ಏನಾದರೂ ಹೆಚ್ಚುಕಡಿಮೆಯಾದರೆ ಗಲಾಟೆಯಾದೀತೆಂಬ ಭಯ. ಹೀಗಾಗಿ 'ಎಲ್ಲಕ್ಕೂ ಒಂದಿರಲಿ' ಎಂದು ಬರೆಯುವುದೇ ಸುರಕ್ಷಿತ ಎನಿಸುತ್ತದೆ. ಇದರ ಜೊತೆಗೆ ಬಣ್ಣಬಣ್ಣದ ಕರಪತ್ರಗಳೊಂದಿಗೆ ಬರುವ ಕಂಪನಿ ಪ್ರತಿನಿಧಿಗಳು. ಎಷ್ಟೋ ವೈದ್ಯರಿಗೆ ಕಾಲೇಜು ಬಿಟ್ಟ ಮೇಲೆ ಹೊಸ ಔಷಧದ ಪಾಠ ಹೇಳುವವರು ಇವರೇ.

ರೋಗಿಗಳ ಪಾಲೂ ಕಡಿಮೆಯಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ಇಂದು ರೋಗಿ ಬಯಸಿದ್ದೂ ಸೂಜಿ, ವೈದ್ಯ ಬರೆದದ್ದೂ ಸೂಜಿ ಎಂದಾಗಿದೆ. ಸೂಜಿ ಹಾಕದ ಸರ್ಕಾರಿ ವೈದ್ಯರ ಮೇಲೆ 'ಸರಿಯಾಗಿ ನೋಡೋದಿಲ್ಲ' ಎಂಬ ಅಪವಾದ ಬರುವುದು ಎರಡು ದಿನದ ಮಾತು.

ದಾರಿ ಇಲ್ಲದಿಲ್ಲ

ಹೊರದಾರಿಯನ್ನು ತೋರಿದವರು ನಮ್ಮಲ್ಲೇ ಇದ್ದಾರೆ. ಜೈಸುಖಲಾಲ್ ಹಾಥಿ ಸಮಿತಿ 1975ರಲ್ಲೇ 117 ಅವಶ್ಯಕ ಔಷಧಗಳ ಪಟ್ಟಿ ಕೊಟ್ಟು, ದೇಶದ ಬಹುಪಾಲು ಕಾಯಿಲೆಗಳಿಗೆ ಇಷ್ಟು ಸಾಕೆಂದು ತೋರಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಪಟ್ಟಿ ಬಂದದ್ದು ಅದಾದ ಎರಡು ವರ್ಷಕ್ಕೆ, 1977ರಲ್ಲಿ. ಭಾರತ ಸರ್ಕಾರದ ರಾಷ್ಟ್ರೀಯ ಪಟ್ಟಿ 1996ರಲ್ಲಿ ಹೊರಬಂತು. 2022ರ ಪರಿಷ್ಕೃತ ಪಟ್ಟಿಯಲ್ಲಿ 384 ಔಷಧಗಳಿವೆ. ಮಾರುಕಟ್ಟೆಯಲ್ಲಿರುವ ಸಾವಿರಾರು ಬ್ರಾಂಡುಗಳ ಮುಂದೆ ಇದು ಬೆರಳೆಣಿಕೆ.

ತಮಿಳುನಾಡು 1994ರಲ್ಲಿ ವೈದ್ಯಕೀಯ ಸೇವಾ ನಿಗಮವನ್ನು ಕಟ್ಟಿ, ಇಡೀ ರಾಜ್ಯಕ್ಕೆ ಬೇಕಾದ ಅವಶ್ಯಕ ಔಷಧಗಳನ್ನು ಒಟ್ಟಿಗೆ, ಬ್ರಾಂಡ್ ಹೆಸರಿಲ್ಲದೆ ಕೊಳ್ಳತೊಡಗಿತು. ಪ್ರತಿ ಆಸ್ಪತ್ರೆಗೂ ಬ್ಯಾಂಕಿನಂತೆ ಒಂದು ಪಾಸ್‌ಬುಕ್. ತನ್ನ ಪಾಲಿನ ಹಣದಲ್ಲಿ ಏನು ಪಡೆಯಬೇಕೆಂದು ಆಸ್ಪತ್ರೆಯೇ ಆರಿಸಿಕೊಳ್ಳುತ್ತದೆ. ಬೇಡದ್ದನ್ನು ಪಡೆದರೆ ಬೇಕಾದದ್ದಕ್ಕೆ ಹಣ ಉಳಿಯದು ಎಂಬುದು ಪುಸ್ತಕ ತೆರೆದರೆ ಕಾಣುತ್ತದೆ. ಅದೇ ವರ್ಷ ದೆಹಲಿಯಲ್ಲಿ ಡಾ. ರಂಜಿತ್ ರಾಯ್ ಚೌಧುರಿಯವರ ಮಾರ್ಗದರ್ಶನದಲ್ಲಿ ಅವಶ್ಯಕ ಔಷಧ ಪಟ್ಟಿ, ಒಟ್ಟಾಗಿ ಖರೀದಿ, ವೈದ್ಯರಿಗೆ ತರಬೇತಿ ಮೂರೂ ಜೊತೆಯಾಗಿ ಆರಂಭವಾದವು. ವಾರ್ಷಿಕ ಔಷಧ ವೆಚ್ಚದಲ್ಲಿ ಶೇಕಡಾ 30ರ ಹತ್ತಿರ ಉಳಿತಾಯವಾಯಿತು ಎಂದು ಆ ಪ್ರಯೋಗದ ವರದಿ ಹೇಳುತ್ತದೆ. ರಾಜಸ್ಥಾನ 2011ರ ಅಕ್ಟೋಬರ್ 2ರಂದು ಉಚಿತ ಔಷಧ ಯೋಜನೆ ಆರಂಭಿಸಿತು. ಕರ್ನಾಟಕದಲ್ಲೂ ಸರ್ಕಾರಿ ಆಸ್ಪತ್ರೆಗಳ ಔಷಧ ಖರೀದಿಗೆ ಪ್ರತ್ಯೇಕ ನಿಗಮವಿದೆ.

ಕಾನೂನೂ ಸುಮ್ಮನಿಲ್ಲ. 2014ರ ಮಾರ್ಚಿನಿಂದ ಪ್ರಬಲ ಆ್ಯಂಟಿಬಯಾಟಿಕ್‌ಗಳೂ ಸೇರಿದಂತೆ 46 ಔಷಧಗಳನ್ನು ಪ್ರತ್ಯೇಕ ಅನುಸೂಚಿಗೆ ಸೇರಿಸಿ, ಮಾರಿದ ಲೆಕ್ಕ ಇಡಬೇಕೆಂದು ಔಷಧದ ಅಂಗಡಿಗಳಿಗೆ ವಿಧಿಸಲಾಯಿತು. ಅರ್ಥವಿಲ್ಲದೆ ಒಂದೇ ಮಾತ್ರೆಯಲ್ಲಿ ಬೆರೆಸಿದ 328 ಔಷಧ ಮಿಶ್ರಣಗಳನ್ನು 2018ರ ಸೆಪ್ಟೆಂಬರಿನಲ್ಲಿ ನಿಷೇಧಿಸಲಾಯಿತು. ಆ್ಯಂಟಿಬಯಾಟಿಕ್ ಬರೆಯುವಾಗ ಯಾವ ಕಾರಣಕ್ಕೆ ಎಂಬುದನ್ನೂ ಚೀಟಿಯಲ್ಲಿ ಬರೆಯಿರಿ ಎಂದು 2024ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ವೈದ್ಯರನ್ನು ಕೋರಿತು. ಕಾರಣ ಬರೆಯಬೇಕಾದಾಗ ಕೈ ಒಂದು ಕ್ಷಣ ತಡೆಯುತ್ತದೆ. ಅಷ್ಟು ತಡೆದರೂ ಎಷ್ಟೋ ಉಳಿದೀತು.

ಆದರೆ ಅಗ್ಗವಾಗಿ ಕೊಂಡದ್ದನ್ನು ಅನಗತ್ಯವಾಗಿ ಹಂಚಿದರೆ ಪ್ರಯೋಜನವೇನು? ಕೊಳ್ಳುವಲ್ಲಿ ತೋರಿದ ಎಚ್ಚರ ಬರೆಯುವಲ್ಲೂ ಬೇಕು. ಇದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ತಿಂಗಳಿಗೊಮ್ಮೆ ನೂರು ಚೀಟಿಗಳನ್ನು ತೆಗೆದು, ಚೀಟಿಗೆ ಸರಾಸರಿ ಎಷ್ಟು ಔಷಧ, ಎಷ್ಟರಲ್ಲಿ ಆ್ಯಂಟಿಬಯಾಟಿಕ್, ಎಷ್ಟರಲ್ಲಿ ಚುಚ್ಚುಮದ್ದು, ಎಷ್ಟು ಮೂಲ ಹೆಸರಿನಲ್ಲಿ, ಎಷ್ಟು ಅವಶ್ಯಕ ಪಟ್ಟಿಯಿಂದ ಎಂದು ಎಣಿಸಿದರೆ ಸಾಕು. ಈ ಐದು ಅಳತೆಗೋಲುಗಳನ್ನು ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲೇ ಕೊಟ್ಟಿದೆ. ಕೂಡುವುದು, ಭಾಗಿಸುವುದು ಬಲ್ಲ ಯಾರೂ ಮಾಡಬಹುದಾದ ಲೆಕ್ಕ. ಹೆಸರು ಹಿಡಿದು ದೂರದೆ, ದಂಡಿಸದೆ, ವೈದ್ಯರೆಲ್ಲ ಒಟ್ಟಿಗೆ ಕುಳಿತು ತಮ್ಮ ಚೀಟಿಗಳನ್ನು ತಾವೇ ನೋಡಿಕೊಂಡರೆ ಬದಲಾವಣೆ ಒಳಗಿನಿಂದಲೇ ಬರುತ್ತದೆ. ಜೊತೆಗೆ ಪ್ರಯೋಗಾಲಯಕ್ಕೆ ಸಿಬ್ಬಂದಿ ಬೇಕು. ಔಷಧದ ಕಿಟಕಿಯಲ್ಲಿ ಮಾತ್ರೆ ಎಣಿಸಿಕೊಡುವುದಷ್ಟೇ ಅಲ್ಲದೆ, 'ಇದನ್ನು ಹೀಗೆ ತಗೊಳ್ಳಿ' ಎಂದು ವಿವರಿಸಲು ಫಾರ್ಮಸಿಸ್ಟರಿಗೆ ಬಿಡುವೂ ಬೇಕು.

ಅತಿಯಾದರೆ ಅಮೃತವೂ ವಿಷ ಎಂದ ಹಿರಿಯರಿಗೆ ಆ್ಯಂಟಿಬಯಾಟಿಕ್ ಗೊತ್ತಿರಲಿಲ್ಲ, ಆದರೆ ಮಾತು ಅದಕ್ಕೂ ಸಲ್ಲುತ್ತದೆ. ಮುಂದಿನ ಸೋಮವಾರ ಆ ತಾಯಿ ಜ್ವರದ ಔಷಧವೊಂದನ್ನೇ ಹಿಡಿದು, ಯಾವ ಲಕ್ಷಣ ಕಂಡರೆ ಮತ್ತೆ ಬರಬೇಕೆಂಬ ತಿಳಿವಳಿಕೆಯೊಂದಿಗೆ ಮನೆಗೆ ಮರಳಿದರೆ ಮಗುವಿಗೆ ನಷ್ಟವಿಲ್ಲ. ಅವಳ ಹಿಂದೆ ನಿಂತ ಮುದುಕನಿಗೆ ಕಿಟಕಿಯ ಒಳಗಿನಿಂದ 'ತಾತ, ತಿಂಗಳಿಗಾಗುವಷ್ಟು ಮಾತ್ರೆ ಇದೆ, ತಗೊಳ್ಳಿ' ಎಂಬ ಮಾತು ಕೇಳಬೇಕಾದರೆ, ಅವಳ ಚೀಟಿ ಅಷ್ಟು ಗಿಡ್ಡವಾಗಲೇಬೇಕು.

ರೋಗಿ ಕೇಳಬೇಕಾದ ಐದು ಪ್ರಶ್ನೆ

1. ನನಗೆ ಏನಾಗಿದೆ? ಔಷಧವಿಲ್ಲದೆಯೂ ಇದು ವಾಸಿಯಾಗುತ್ತದೆಯೇ?

2. ಈ ಚೀಟಿಯಲ್ಲಿ ಯಾವ ಔಷಧ ಯಾವುದಕ್ಕೆ? ಎಲ್ಲವೂ ಬೇಕೇ?

3. ಮಾತ್ರೆಯಲ್ಲಿ ಆಗುವುದಾದರೆ ಸೂಜಿ ಏಕೆ?

4. ಎಷ್ಟು ದಿನ ತೆಗೆದುಕೊಳ್ಳಬೇಕು? ಯಾವಾಗ ನಿಲ್ಲಿಸಬೇಕು?

5. ಈಗಾಗಲೇ ನಾನು ನುಂಗುತ್ತಿರುವ ಮಾತ್ರೆಗಳು ಇವು. ಇವುಗಳ ಜೊತೆ ಹೊಸದು ಹೊಂದುತ್ತದೆಯೇ?

ವೈದ್ಯರು ಹೇಳಿ ಶುರು ಮಾಡಿಸಿದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕ್ಷಯದ ಮಾತ್ರೆಗಳನ್ನು ಯಾರೂ ತಾವಾಗಿಯೇ ನಿಲ್ಲಿಸಬಾರದು. ಸಂಶಯವಿದ್ದರೆ ಕೇಳುವುದೇ ಸರಿಯಾದ ದಾರಿ.